ಆಶ್ರಯಧಾಮದ ನಾಯಿ: ಮರಿಯೋ ದೊಡ್ಡದೋ, ದೇಶಿಯೋ ತಳಿಯದೋ, ಯಾವ ಮನೆಗೆ ಯಾವುದು?

ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕಂಪ್ಯಾಷನ್ ಅನ್‌ಲಿಮಿಟೆಡ್ ಪ್ಲಸ್ ಆ್ಯಕ್ಷನ್, ಅದೇ ಊರಿನ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್, ಮಂಗಳೂರಿನ ಅನಿಮಲ್ ಕೇರ್ ಟ್ರಸ್ಟ್ ಮುಂತಾದ ಸಂಸ್ಥೆಗಳ ಆಶ್ರಯದಲ್ಲಿ ಮನೆಗಾಗಿ ಕಾದಿರುವ ನಾಯಿಗಳು ಸದಾ ಇರುತ್ತವೆ. ಆದ್ದರಿಂದ ದತ್ತು ಪಡೆಯಲು ನಾಯಿ ಸಿಗುವುದು ಕಷ್ಟವಲ್ಲ, ನಮ್ಮ ಮನೆಗೆ ಒಗ್ಗುವ ನಾಯಿಯನ್ನು ಗುರುತಿಸುವುದು ಕಷ್ಟ. ಬಹಳಷ್ಟು ಕುಟುಂಬಗಳು ಫೋಟೊ ನೋಡಿ, ಬಣ್ಣ ನೋಡಿ, ಇಲ್ಲವೇ ಮಕ್ಕಳು ಬೆರಳು ತೋರಿಸಿದ ಮರಿಯನ್ನೇ ಎತ್ತಿಕೊಂಡು ಬರುತ್ತವೆ. ನಾನು ಇಲ್ಲಿ ಬೇರೊಂದು ಅಳತೆಗೋಲನ್ನು ಮುಂದಿಡುತ್ತೇನೆ. ಈ ನಾಯಿ ಮನೆಯೊಳಗೆ, ಜನರ ನಡುವೆ, ಒಂಟಿಯಾಗಿದ್ದಾಗ ಹೇಗಿರುತ್ತದೆ ಎನ್ನುವುದು ಯಾರಿಗಾದರೂ ಎಷ್ಟರಮಟ್ಟಿಗೆ ಗೊತ್ತಿದೆ? ಗೊತ್ತಿರುವುದು ಹೆಚ್ಚಿದ್ದಷ್ಟೂ ಆಯ್ಕೆ ಸರಿಯಾಗುವ ಸಂಭವ ಹೆಚ್ಚು; ಗೊತ್ತಿರುವುದು ಕಡಿಮೆಯಿದ್ದಷ್ಟೂ ಮನೆಯವರ ಸಮಯ ಮತ್ತು ತಾಳ್ಮೆ ಹೆಚ್ಚು ಬೇಕಾಗುತ್ತದೆ. ಕೆಳಗಿನ ಎಲ್ಲ ಹೋಲಿಕೆಗಳನ್ನೂ ಈ ಒಂದೇ ಪ್ರಶ್ನೆಯ ಬೆಳಕಿನಲ್ಲಿ ನೋಡಬಹುದು.

ಮರಿಯೋ, ದೊಡ್ಡ ನಾಯಿಯೋ

ಎರಡು ತಿಂಗಳ ಮರಿಯನ್ನು ತಂದರೆ ಅದು ನಮ್ಮ ಮನೆಗೇ ಒಗ್ಗಿ ಬೆಳೆಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದರಲ್ಲಿ ಸತ್ಯಾಂಶವೂ ಇದೆ. ಸುಮಾರು 3ನೇ ವಾರದಿಂದ 14ನೇ ವಾರದವರೆಗೆ ಮರಿಯು ಕಂಡದ್ದನ್ನೆಲ್ಲ ಸಹಜವೆಂದು ಸ್ವೀಕರಿಸುವ ಹಂತದಲ್ಲಿರುತ್ತದೆ. ಆ ಅವಧಿಯಲ್ಲಿ ಮಿಕ್ಸಿಯ ಸದ್ದು, ಕುಕ್ಕರಿನ ಸೀಟಿ, ಲಿಫ್ಟು, ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗ, ಕೋಲು ಊರಿ ನಡೆಯುವ ಅಜ್ಜ, ಇವೆಲ್ಲ ಅದಕ್ಕೆ ಪರಿಚಯವಾದರೆ ಮುಂದೆ ಅವುಗಳಿಗೆ ಹೆದರುವುದು ಕಡಿಮೆ. ಆದರೆ ಇದೇ ಅವಧಿಯಲ್ಲಿ ಲಸಿಕೆಗಳೂ ಪೂರ್ತಿಯಾಗಿರುವುದಿಲ್ಲ. ಪಾರ್ವೊ, ಡಿಸ್ಟೆಂಪರ್ ರೋಗಗಳ ವಿರುದ್ಧದ ಚುಚ್ಚುಮದ್ದು 6ರಿಂದ 8ನೇ ವಾರದಲ್ಲಿ ಆರಂಭವಾಗಿ, ಮೂರು ನಾಲ್ಕು ವಾರಗಳ ಅಂತರದಲ್ಲಿ 16ನೇ ವಾರದವರೆಗೆ ಮುಂದುವರಿಯಬೇಕು. ರೇಬಿಸ್ ಲಸಿಕೆಯನ್ನು ಸಾಮಾನ್ಯವಾಗಿ ಮೂರು ತಿಂಗಳಿಗೆ ಕೊಡುತ್ತಾರೆ. ಅಲ್ಲಿಯವರೆಗೆ ಮರಿಯನ್ನು ಬೀದಿಯ ನೆಲಕ್ಕೆ ಇಳಿಸದೆ, ಎತ್ತಿಕೊಂಡೇ ಲೋಕ ತೋರಿಸಬೇಕು. ಹಗಲಿನಲ್ಲಿ ಎರಡು ಗಂಟೆಗೊಮ್ಮೆ, ರಾತ್ರಿಯೂ ಒಂದೆರಡು ಬಾರಿ ಮೂತ್ರಕ್ಕೆ ಕರೆದೊಯ್ಯಬೇಕು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ 4ರಿಂದ 7 ತಿಂಗಳ ನಡುವೆ ಚಪ್ಪಲಿ, ಸೋಫಾದ ಅಂಚು, ಚಾರ್ಜರಿನ ವೈರು ಯಾವುದೂ ಉಳಿಯುವುದಿಲ್ಲ. ಮನೆಯಲ್ಲಿ ಹಗಲು ಹೊತ್ತು ಒಬ್ಬರಾದರೂ ಇರದಿದ್ದರೆ ಮರಿಯನ್ನು ತರಬಾರದು ಎಂದೇ ನನ್ನ ಖಚಿತ ಅಭಿಪ್ರಾಯ.

ಅಲ್ಲದೆ ಮರಿಯ ಬಗ್ಗೆ ಯಾರಿಗೂ ಹೆಚ್ಚು ಗೊತ್ತಿರುವುದಿಲ್ಲ. ತಾಯಿ ನಾಯಿ ಕಣ್ಣೆದುರು ಇಲ್ಲದಿದ್ದರೆ ಮರಿ ಎಷ್ಟು ದೊಡ್ಡದಾಗುತ್ತದೆ, ಅದರ ಸ್ವಭಾವ ಅಂಜುಬುರುಕವೋ ಧೈರ್ಯದ್ದೋ ಎನ್ನುವುದು ಬರೀ ಊಹೆ. ಪಾರ್ವೊ ಸೋಂಕು ತಗುಲಿದ ಕೆಲವು ದಿನಗಳವರೆಗೆ ಮರಿ ಆರೋಗ್ಯವಾಗಿಯೇ ಕಾಣುತ್ತದೆ. ಆದ್ದರಿಂದ ಮರಿಯನ್ನೇ ತರುವುದಾದರೆ, ಅದು ಆಶ್ರಯಧಾಮಕ್ಕೆ ಬಂದು ಎಷ್ಟು ದಿನವಾಯಿತು, ಬಂದ ಮೇಲೆ ಪ್ರತ್ಯೇಕವಾಗಿ ಇಟ್ಟಿದ್ದರೇ, ಅದರ ಜೊತೆಯ ಮರಿಗಳು ಹೇಗಿವೆ ಎಂದು ಕೇಳುವುದು ಅತ್ಯಗತ್ಯ. ವಾಂತಿ, ರಕ್ತಮಿಶ್ರಿತ ಭೇದಿ, ಊಟ ಬಿಟ್ಟು ಮುದುರಿಕೊಳ್ಳುವುದು, ಇವುಗಳಲ್ಲಿ ಯಾವುದು ಕಂಡರೂ ಮರುದಿನದವರೆಗೆ ಕಾಯದೆ ಪಶುವೈದ್ಯರ ಬಳಿಗೆ ಓಡಬೇಕು.

ಎರಡರಿಂದ ಆರು ವರ್ಷದೊಳಗಿನ ನಾಯಿಯ ವಿಷಯ ಬೇರೆ. ಅದರ ಗಾತ್ರ ನಿಂತಿದೆ, ಸ್ವಭಾವ ರೂಪುಗೊಂಡಿದೆ, ಸಂತಾನಹರಣ ಶಸ್ತ್ರಚಿಕಿತ್ಸೆಯೂ ಬಹುಮಟ್ಟಿಗೆ ಆಗಿರುತ್ತದೆ. ಆರೋಗ್ಯವಂತ ದೊಡ್ಡ ನಾಯಿ ಆರೆಂಟು ಗಂಟೆ ಮೂತ್ರ ತಡೆದುಕೊಳ್ಳಬಲ್ಲದು. ಬೆಕ್ಕನ್ನು ಕಂಡರೆ ಏನು ಮಾಡುತ್ತದೆ, ಬೇರೆ ನಾಯಿಗಳೊಡನೆ ಹೇಗಿದೆ, ಊಟದ ಬಟ್ಟಲ ಬಳಿ ಯಾರಾದರೂ ಬಂದರೆ ಗುರುಗುಟ್ಟುತ್ತದೆಯೇ, ಇವನ್ನೆಲ್ಲ ನೋಡಿಕೊಳ್ಳುವವರು ಹೇಳಬಲ್ಲರು. ದೊಡ್ಡ ನಾಯಿ ಹೊಸ ಮನೆಗೆ ಹೊಂದಿಕೊಳ್ಳುವುದಿಲ್ಲ, ಹೊಸ ಪಾಠ ಕಲಿಯುವುದಿಲ್ಲ ಎಂಬ ಮಾತು ತಪ್ಪು. ಅದಕ್ಕೆ ಮರಿಗಿಂತ ಹೆಚ್ಚು ಹೊತ್ತು ಗಮನವಿಟ್ಟು ಕೂರುವ ಶಕ್ತಿಯಿದೆ, ಕ್ರಮ ಗೊತ್ತಾದರೆ ಅದು ಬೇಗ ಕಲಿಯುತ್ತದೆ. ದಂಪತಿಗಳಿಬ್ಬರೂ ದುಡಿಯುವ ಮನೆಗೆ, ಚಿಕ್ಕ ಮಕ್ಕಳಿರುವ ಮನೆಗೆ, ಮೊದಲ ಬಾರಿ ನಾಯಿ ಸಾಕುವವರಿಗೆ ನನ್ನ ಸಲಹೆ ಇದೇ ವಯಸ್ಸಿನ ನಾಯಿ.

ಎಂಟು ವರ್ಷ ದಾಟಿದ ನಾಯಿಯನ್ನು ಕೇಳುವವರೇ ವಿರಳ. ಮಕ್ಕಳು ದೂರದೂರಿನಲ್ಲಿರುವ, ನಿವೃತ್ತರಾದ ದಂಪತಿಗಳಿಗೆ ಇಂಥ ನಾಯಿ ಬಹಳ ಚೆನ್ನಾಗಿ ಒಗ್ಗುತ್ತದೆ. ಬೆಳಿಗ್ಗೆ ಸಂಜೆ ನಿಧಾನವಾದ ನಡಿಗೆ, ನುಣುಪಾದ ಟೈಲ್ಸ್ ಮೇಲೆ ಜಾರದಂತೆ ಹಾಸಿದ ಚಾಪೆ, ವರ್ಷಕ್ಕೆರಡು ಬಾರಿ ರಕ್ತಪರೀಕ್ಷೆ ಇಷ್ಟರಲ್ಲಿ ಅದು ತೃಪ್ತ. ಔಷಧದ ಖರ್ಚು ಹೆಚ್ಚು, ಜೊತೆಯಲ್ಲಿರುವ ಕಾಲ ಕಡಿಮೆ ಎಂಬುದನ್ನು ಮೊದಲೇ ಒಪ್ಪಿಕೊಂಡಿರಬೇಕು.

ಆಶ್ರಯಧಾಮ, ತಾತ್ಕಾಲಿಕ ಮನೆ, ನಮ್ಮ ಬೀದಿ

ಆಶ್ರಯಧಾಮದಲ್ಲಿ ನಾಯಿಯನ್ನು ದಿನವೂ ನೋಡುವ ಪಶುವೈದ್ಯರು, ಕೆಲಸಗಾರರು ಇರುತ್ತಾರೆ. ಲಸಿಕೆ, ಶಸ್ತ್ರಚಿಕಿತ್ಸೆಗಳ ದಾಖಲೆ ಇರುತ್ತದೆ. ಆದರೆ ಹತ್ತಾರು ನಾಯಿಗಳ ಬೊಗಳಾಟದ ನಡುವೆ ಕಂಡ ಸ್ವಭಾವ ಮನೆಯಲ್ಲಿ ಹಾಗೆಯೇ ಇರುವುದಿಲ್ಲ. ಗೂಡಿನ ಸರಳಿಗೆ ಹಾರಿ ಬೊಗಳುವ ನಾಯಿ ಮನೆಗೆ ಬಂದು ದಿನವಿಡೀ ಮಲಗಬಹುದು. ಮೂಲೆಯಲ್ಲಿ ಮೌನವಾಗಿದ್ದದ್ದು ಶಾಂತವಾಗಿರದೆ ಭಯದಿಂದ ಮರಗಟ್ಟಿರಬಹುದು. ಈ ಕಾರಣಕ್ಕೆ, ಸ್ವಯಂಸೇವಕರೊಬ್ಬರು ತಮ್ಮ ಮನೆಯಲ್ಲೇ ಕೆಲವು ವಾರ ಇಟ್ಟುಕೊಂಡು ಸಾಕಿದ ನಾಯಿ ಸಿಕ್ಕಿದರೆ ಅದಕ್ಕೇ ಮೊದಲ ಆದ್ಯತೆ ಕೊಡಬೇಕು. ಅದು ಮೆಟ್ಟಿಲು ಹತ್ತುತ್ತದೆಯೇ, ಒಂಟಿಯಾಗಿ ಬಿಟ್ಟರೆ ಕಿರುಚುತ್ತದೆಯೇ, ಕಾರಿನಲ್ಲಿ ವಾಂತಿ ಮಾಡುತ್ತದೆಯೇ, ರಾತ್ರಿ ಎಲ್ಲಿ ಮಲಗುತ್ತದೆ ಎಂಬುದನ್ನೆಲ್ಲ ಅವರು ಕಣ್ಣಾರೆ ಕಂಡು ಹೇಳುತ್ತಾರೆ. ಇಷ್ಟು ವಿವರ ಬೇರೆಲ್ಲಿಯೂ ಸಿಗುವುದಿಲ್ಲ.

ಮೂರನೆಯ ದಾರಿ ನಮ್ಮ ಬೀದಿಯ ನಾಯಿಯನ್ನೇ ಒಳಗೆ ಕರೆದುಕೊಳ್ಳುವುದು. ಪರಿಚಯ ಹಳೆಯದು, ನಂಬಿಕೆ ಮೊದಲೇ ಇದೆ. ಕಿವಿಯ ಅಂಚಿನಲ್ಲಿ ಕತ್ತರಿಸಿದ ಗುರುತಿದ್ದರೆ ಅದಕ್ಕೆ ಸಂತಾನಹರಣ ಚಿಕಿತ್ಸೆ ಆಗಿದೆ ಎಂದರ್ಥ. ಆದರೆ ವರ್ಷಗಟ್ಟಲೆ ತನ್ನಿಷ್ಟದಂತೆ ಓಡಾಡಿದ, ತನ್ನದೇ ಗುಂಪು ಕಟ್ಟಿಕೊಂಡ ನಾಯಿಯನ್ನು ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಇಟ್ಟರೆ ಅದಕ್ಕೆ ಉಪಕಾರವಾಗದೇ ಹೋಗಬಹುದು. ಕಾಯಿಲೆ, ಗಾಯ, ವೃದ್ಧಾಪ್ಯ ಅಥವಾ ಅನಾಥವಾದ ಎಳೆಮರಿ ಎಂಬ ಕಾರಣಗಳಿದ್ದಾಗ ಈ ದಾರಿ ಸರಿ. ಕಾನೂನಿನ ದೃಷ್ಟಿಯಿಂದಲೂ ಒಂದು ಮಾತು: ಬೀದಿನಾಯಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ನೀಡಿದ ಆದೇಶದಲ್ಲಿ, ಆಸಕ್ತರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಿ ಬೀದಿನಾಯಿಯನ್ನು ದತ್ತು ಪಡೆಯಬಹುದು, ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅವರದೇ ಹೊಣೆ ಎಂದು ಹೇಳಿದೆ. ಹಗಲು ಒಳಗೆ, ರಾತ್ರಿ ಹೊರಗೆ ಎಂಬ ಅರೆಬರೆ ಸಾಕಣೆಯನ್ನು ದತ್ತು ಎನ್ನಲಾಗದು.

ದೇಶಿ ನಾಯಿ, ತಳಿನಾಯಿ

ಆಶ್ರಯಧಾಮಗಳಲ್ಲಿ ದೇಶಿ ನಾಯಿಗಳ ಜೊತೆಗೆ ಲ್ಯಾಬ್ರಡಾರ್, ಪಗ್, ಷಿಟ್ಸು, ಹಸ್ಕಿ, ರಾಟ್‌ವೀಲರ್ ಕೂಡ ಸಿಗುತ್ತವೆ. ಸಾವಿರಾರು ರೂಪಾಯಿ ಕೊಟ್ಟು ಕೊಂಡವರೇ ಬಿಟ್ಟುಹೋದ ನಾಯಿಗಳಿವು. ಕೆಲವು ಹೆಣ್ಣುನಾಯಿಗಳನ್ನು ಮರಿ ಹಾಕಿಸುವುದಕ್ಕಾಗಿಯೇ ವರ್ಷಾನುಗಟ್ಟಲೆ ಗೂಡಿನಲ್ಲಿಟ್ಟು, ಇನ್ನು ಪ್ರಯೋಜನವಿಲ್ಲವೆಂದಾಗ ಹೊರಹಾಕಿರುತ್ತಾರೆ. ಜೋತುಬಿದ್ದ ಮೊಲೆಗಳು, ಸವೆದ ಹಲ್ಲು, ಬಾಗಿಲು ದಾಟಲೂ ಹಿಂಜರಿಯುವ ಹೆಜ್ಜೆ ಅವುಗಳ ಪೂರ್ವಕಥೆಯನ್ನು ಹೇಳುತ್ತವೆ. ಇಂಥ ನಾಯಿಗೆ ಮನೆ ಕೊಡುವುದು ದೊಡ್ಡ ಕೆಲಸ, ಆದರೆ ಗರ್ಭಕೋಶದ ಸೋಂಕು, ಚರ್ಮರೋಗ, ಕೀಲುನೋವುಗಳ ಪರೀಕ್ಷೆ ಮೊದಲೇ ಆಗಿರಬೇಕು.

ತಳಿನಾಯಿ ತನ್ನ ತಳಿಯ ದೈಹಿಕ ಕಷ್ಟಗಳನ್ನೂ ಜೊತೆಗೆ ತರುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಿಗೆ ಸೊಂಟದ ಕೀಲಿನ ತೊಂದರೆ, ಪಗ್, ಷಿಟ್ಸುಗಳಿಗೆ ಬೇಸಿಗೆಯಲ್ಲಿ ಉಸಿರಾಟದ ತೊಂದರೆ ಸಾಮಾನ್ಯ. ಹಸ್ಕಿಯನ್ನು ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಸಾಕುವುದು ಹಿಂಸೆಯೇ ಸರಿ. ರಾಟ್‌ವೀಲರ್ ಸೇರಿದಂತೆ 23 ತಳಿಗಳನ್ನು ನಿರ್ಬಂಧಿಸಲು ಕೇಂದ್ರವು 2024ರ ಮಾರ್ಚ್ 12ರಂದು ಹೊರಡಿಸಿದ್ದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಮುಂದಿನ ತಿಂಗಳೇ ರದ್ದುಗೊಳಿಸಿತು. ಆದರೂ ಅಂಥ ಬಲಿಷ್ಠ ನಾಯಿ ಅನುಭವಿಗಳ ಕೈಯಲ್ಲಿರುವುದೇ ಸರಿ. ಬಾಗಲಕೋಟೆ ಸೀಮೆಯ ಮುಧೋಳ ನಾಯಿಯೂ ಈಗ ನಗರಗಳಲ್ಲಿ ಕೈಬಿಟ್ಟ ನಾಯಿಗಳ ಸಾಲಿಗೆ ಸೇರುತ್ತಿರುವುದು ನನಗೆ ತುಂಬ ನೋವಿನ ಸಂಗತಿ. 2005ರಲ್ಲಿ ಅಂಚೆಚೀಟಿಯ ಮೇಲೆ ಕಾಣಿಸಿಕೊಂಡ ಈ ಬೇಟೆನಾಯಿಗೆ ಓಡಲು ಬಯಲು ಬೇಕು. ಹೊಲ, ತೋಟ, ಎತ್ತರದ ಬೇಲಿ ಇರುವವರು ಅದನ್ನು ಖಂಡಿತ ಪರಿಗಣಿಸಲಿ. ಎರಡು ಕೋಣೆಯ ಮನೆಯವರು ಬೇಡ.

ದೇಶಿ ನಾಯಿ ನಮ್ಮ ಹವೆಗೆ ಹುಟ್ಟಿದ್ದು. ಕೂದಲು ಗಿಡ್ಡ, ಸ್ನಾನದ ಗೋಜು ಕಡಿಮೆ, ತಳಿಕಾಯಿಲೆಗಳು ವಿರಳ. ಅದು ಚುರುಕು, ಕಲಿಯುವುದೂ ಬೇಗ. ಇದರ ಜೊತೆಗೆ ಹೇಳಲೇಬೇಕಾದ ಮಾತೆಂದರೆ ಅದು ತನ್ನ ಜಾಗವನ್ನು ಕಾಯುವ ಪ್ರಾಣಿ: ಕಾಲಿಂಗ್ ಬೆಲ್ಲಿಗೆ, ಪಕ್ಕದ ಮನೆಯ ಗೇಟಿಗೆ, ಮುಸ್ಸಂಜೆಯ ದೂರದ ಬೊಗಳಿಗೆ ಉತ್ತರ ಕೊಡುತ್ತದೆ, ಅಪರಿಚಿತರು ತಕ್ಷಣ ಮುಟ್ಟುವುದನ್ನು ಇಷ್ಟಪಡುವುದಿಲ್ಲ. ದಿನವೂ ನೆಂಟರಿಷ್ಟರು ಬಂದುಹೋಗುವ, ಬಾಗಿಲು ಸದಾ ತೆರೆದಿರುವ ಮನೆಯವರು ಜನರನ್ನು ಕಂಡರೆ ತಾನಾಗಿ ಬಳಿಗೆ ಬರುವ ದೇಶಿ ನಾಯಿಯನ್ನೇ ಹುಡುಕಿ ಆರಿಸಬೇಕು. ಅಂಥವೂ ಬೇಕಾದಷ್ಟಿವೆ.

ಅಪಾರ್ಟ್‌ಮೆಂಟಿನವರು ಸಂಘದ ವಿರೋಧಕ್ಕೆ ಹೆದರಬೇಕಾಗಿಲ್ಲ. ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬಾರದು ಎನ್ನುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯೇ ಇದೆ. ಆದರೆ ಬಾಡಿಗೆ ಮನೆಯಲ್ಲಿರುವವರು ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದೇ ಮುಂದುವರಿಯಬೇಕು. ಮನೆಯ ಹಿರಿಯರ ಮನಸ್ಸನ್ನೂ ಕೇಳಬೇಕು. ಮಡಿ, ದೇವರಮನೆ, ಅಡುಗೆಮನೆಗಳ ಬಗ್ಗೆ ಅತ್ತೆಯವರಿಗೋ ತಂದೆಯವರಿಗೋ ಇರುವ ಆಕ್ಷೇಪವನ್ನು ತಳ್ಳಿಹಾಕದೆ, ನಾಯಿ ಎಲ್ಲಿ ಬರಬಹುದು, ಎಲ್ಲಿ ಬಾರದು ಎಂದು ಮೊದಲೇ ಗೊತ್ತುಮಾಡಿ, ಬೇಕಿದ್ದರೆ ಬಾಗಿಲಿಗೆ ಮಕ್ಕಳ ಗೇಟು ಹಾಕಿಸಿದರೆ ನಾಯಿಗೂ ಆ ಗಡಿ ಬೇಗ ಅರ್ಥವಾಗುತ್ತದೆ.

ಭೇಟಿಯ ದಿನ ಏನನ್ನು ನೋಡಬೇಕು

ಒಂದೇ ಭೇಟಿಯಲ್ಲಿ ನಿರ್ಧರಿಸಬೇಡಿ. ಬೇರೆ ಬೇರೆ ಹೊತ್ತಿನಲ್ಲಿ ಎರಡು ಮೂರು ಬಾರಿ ಹೋಗಿ, ನಾಯಿಯನ್ನು ಗೂಡಿನಿಂದ ಹೊರಗೆ ಕರೆತರಲು ಕೇಳಿ. ಅದರ ಎದುರು ನೇರವಾಗಿ ನಿಂತು ಬಗ್ಗಿ ತಲೆ ಸವರಲು ಹೋಗದೆ, ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತು, ಬೇಯಿಸಿದ ಕೋಳಿಯ ಸಣ್ಣ ಚೂರೊಂದನ್ನು ತೆರೆದ ಅಂಗೈಯಲ್ಲಿಟ್ಟು ಸುಮ್ಮನಿರಿ. ಅಂಜುವ ನಾಯಿ ಹಿಂಗಾಲುಗಳನ್ನು ಹಿಂದೆಯೇ ಊರಿ, ಕತ್ತನ್ನಷ್ಟೇ ಚಾಚಿ, ಚೂರನ್ನು ಎತ್ತಿಕೊಂಡು ಥಟ್ಟನೆ ಹಿಂದೆ ಸರಿಯುತ್ತದೆ. ಮೂತಿ ನೆಕ್ಕಿಕೊಳ್ಳುತ್ತದೆ, ಆಕಳಿಸುತ್ತದೆ, ಕಣ್ಣಿನ ಬಿಳಿಭಾಗ ಕಾಣುವಂತೆ ಓರೆನೋಟ ಬೀರುತ್ತದೆ. ಕೆಲವು ನಿಮಿಷಗಳ ಬಳಿಕ ಅದೇ ನಾಯಿ ಮತ್ತೆ ಬಂದು, ಎರಡನೇ ಚೂರನ್ನು ಅಲ್ಲೇ ನಿಂತು ತಿಂದು, ಬಾಲವನ್ನು ಮೈಯ ಮಟ್ಟದಲ್ಲಿ ಸಡಿಲವಾಗಿ ಆಡಿಸಿದರೆ ಅದು ಭಯದಿಂದ ಚೇತರಿಸಿಕೊಳ್ಳಬಲ್ಲ ನಾಯಿ. ನಾನು ಧೈರ್ಯಕ್ಕಿಂತಲೂ ಈ ಚೇತರಿಕೆಗೆ ಹೆಚ್ಚು ಬೆಲೆ ಕೊಡುತ್ತೇನೆ. ಹೊಸ ಮನೆಯಲ್ಲಿ ಹೆದರಿಕೆ ಎಲ್ಲ ನಾಯಿಗೂ ಆಗುತ್ತದೆ, ಎಷ್ಟು ಬೇಗ ಅದರಿಂದ ಹೊರಬರುತ್ತದೆ ಎನ್ನುವುದೇ ವ್ಯತ್ಯಾಸ. ಬಾಲ ಆಡಿಸುವುದೆಲ್ಲ ಸ್ನೇಹವಲ್ಲ. ಎತ್ತಿ ಸೆಟೆದ ಬಾಲದ ಬಿರುಸಾದ ಅಲುಗಾಟ ಕೆರಳಿದ್ದನ್ನೂ ಸೂಚಿಸಬಹುದು.

ಮಕ್ಕಳಿದ್ದರೆ ಅವರನ್ನೂ ಕರೆದೊಯ್ಯಬೇಕು, ಮನೆಯಲ್ಲಿ ನಾಯಿಯಿದ್ದರೆ ಅದನ್ನೂ ಕರೆದೊಯ್ದು, ಇಬ್ಬರ ಗಡಿಯೂ ಅಲ್ಲದ ಬಯಲಿನಲ್ಲಿ ದೂರದೂರದಲ್ಲಿ ಜೊತೆಯಾಗಿ ನಡೆಸಿ ಪರಿಚಯಿಸಬೇಕು. ಲಸಿಕೆಯ ಪುಸ್ತಕ, ಜಂತುಹುಳು ಔಷಧಿಯ ದಿನಾಂಕ, ಸಂತಾನಹರಣ ಚಿಕಿತ್ಸೆಯ ದಾಖಲೆ, ಉಣ್ಣಿಯಿಂದ ಬರುವ ಜ್ವರದ ಪರೀಕ್ಷೆಯ ಫಲಿತಾಂಶ, ಇವನ್ನು ಕೇಳಿ ಪಡೆಯಿರಿ. ಸಂಸ್ಥೆಯವರು ಮನೆಗೆ ಬಂದು ನೋಡುತ್ತೇವೆ, ಬಾಲ್ಕನಿಗೆ ಜಾಲರಿ ಇದೆಯೇ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ ಎಂದೆಲ್ಲ ಕೇಳಿದರೆ ಬೇಸರಪಡಬಾರದು. ಏನೂ ಕೇಳದೆ ನಾಯಿಯನ್ನು ಕೈಗಿಡುವವರ ಬಗ್ಗೆಯೇ ಎಚ್ಚರವಿರಲಿ. ಪರಸ್ಪರ ಅಂಟಿಕೊಂಡ ಜೋಡಿಯನ್ನು ಅಗಲಿಸದೆ ಒಟ್ಟಿಗೆ ತರುವುದು ಒಳ್ಳೆಯದೇ, ಆದರೆ ಮೊದಲ ಬಾರಿ ಸಾಕುವವರು ಎರಡು ಎಳೆಮರಿಗಳನ್ನು ಒಟ್ಟಿಗೆ ತರಬಾರದು.

ಮನೆಗೆ ಬಂದ ಮೇಲಿನ ಆಯ್ಕೆಗಳು

ದತ್ತು ಕೊಡುವವರು ಸಾಮಾನ್ಯವಾಗಿ ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕ ಹೇಳುತ್ತಾರೆ: ಮೂರು ದಿನ ದಿಗ್ಭ್ರಮೆ, ಮೂರು ವಾರಕ್ಕೆ ಮನೆಯ ಕ್ರಮದ ಪರಿಚಯ, ಮೂರು ತಿಂಗಳಿಗೆ ತನ್ನ ಮನೆ ಎಂಬ ನಂಬಿಕೆ. ಇದು ಅಂದಾಜು ಮಾತ್ರ, ಪೆಟ್ಟು ತಿಂದ ನಾಯಿಗೆ ವರ್ಷವೇ ಬೇಕಾಗಬಹುದು.

ಮೊದಲ ದಿನವೇ ಇಡೀ ಮನೆ ಸುತ್ತಲು ಬಿಡುವುದಕ್ಕಿಂತ, ಮನೆಯವರು ಓಡಾಡುವುದು ಕಾಣುವಂಥ ಒಂದು ಕೋಣೆಯನ್ನೋ ಮೂಲೆಯನ್ನೋ ಕೊಟ್ಟು, ದಿನದಿನಕ್ಕೆ ವಿಸ್ತರಿಸುವುದು ಉತ್ತಮ. ಹಳೆಯ ಹೊದಿಕೆ, ನೀರಿನ ಬಟ್ಟಲು, ಅವಿತುಕೊಳ್ಳಲು ಟೇಬಲಿನ ಕೆಳಗಿನ ಜಾಗ ಸಾಕು. ನೋಡಲು ಬರುವ ನೆರೆಹೊರೆಯವರಿಗೆ, ಬಂಧುಗಳಿಗೆ ಮೊದಲ ವಾರ ಬೇಡವೆಂದು ವಿನಯದಿಂದ ಹೇಳಿಬಿಡಬೇಕು. ನಾಯಿಯನ್ನು ಹೊರಗೆ ಕಟ್ಟಿ ಮಲಗಿಸುವುದನ್ನು ನಾನು ಒಪ್ಪುವುದಿಲ್ಲ. ಕೋಣೆಯ ಬಾಗಿಲ ಹೊರಗಾದರೂ ಸರಿ, ಮೊದಲ ರಾತ್ರಿಗಳಲ್ಲಿ ಮನುಷ್ಯರ ಉಸಿರು ಕೇಳುವಷ್ಟು ಹತ್ತಿರ ಅದು ಮಲಗಬೇಕು. ದತ್ತು ಪಡೆದ ನಾಯಿಗಳು ತಪ್ಪಿಸಿಕೊಂಡು ಹೋಗುವುದು ಹೆಚ್ಚಾಗಿ ಈ ಆರಂಭದ ದಿನಗಳಲ್ಲೇ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಕಾಲರ್ ತಲೆಯಿಂದ ಕಳಚಿಕೊಳ್ಳುತ್ತದೆ, ಎದೆಗೆ ಬಿಗಿಯುವ ಹಾರ್ನೆಸ್ ಅಷ್ಟು ಸುಲಭವಾಗಿ ಕಳಚದು. ಎರಡನ್ನೂ ಹಾಕಿ, ಎರಡಕ್ಕೂ ಹಗ್ಗ ಸೇರಿಸಿ ನಡೆಸಿದರೆ ನಿಶ್ಚಿಂತೆ. ಕಾಲರಿಗೆ ಫೋನ್ ನಂಬರಿನ ಬಿಲ್ಲೆ ಮೊದಲ ದಿನವೇ ಇರಲಿ. ದೀಪಾವಳಿಗೆ ಮುಂಚಿನ ವಾರಗಳಲ್ಲಿ ದತ್ತು ತರುವುದಕ್ಕಿಂತ ಹಬ್ಬ ಮುಗಿಯುವವರೆಗೆ ಕಾಯುವುದು ಲೇಸು.

ಅಂಗಡಿಯ ಒಣ ಆಹಾರವೋ, ಮನೆಯ ಅಡುಗೆಯೋ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಮೊದಲ ವಾರ ಆಶ್ರಯಧಾಮದಲ್ಲಿ ತಿನ್ನುತ್ತಿದ್ದುದನ್ನೇ ಕೊಟ್ಟು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬದಲಿಸಿದರೆ ಭೇದಿಯಾಗುವುದಿಲ್ಲ. ಒಣ ಆಹಾರದಲ್ಲಿ ಪೋಷಕಾಂಶಗಳು ಅಳತೆಯಲ್ಲಿರುತ್ತವೆ, ಬೆಲೆ ಹೆಚ್ಚು. ಅನ್ನ ಅಥವಾ ರಾಗಿಯ ಜೊತೆ ಬೇಯಿಸಿದ ಕೋಳಿ, ಮೊಟ್ಟೆ, ಕುಂಬಳಕಾಯಿ ಹಾಕಿದ ಮನೆಯೂಟವೂ ಒಳ್ಳೆಯದೇ, ಆದರೆ ಸುಣ್ಣದಂಶದ ಕೊರತೆಯಾಗದಂತೆ ಪಶುವೈದ್ಯರಿಂದ ಪ್ರಮಾಣ ಕೇಳಿಕೊಳ್ಳಬೇಕು. ಬರೀ ಹಾಲು-ಅನ್ನ ಅಥವಾ ಮೊಸರನ್ನ ನಾಯಿಗೆ ಸಾಲದು. ಉಳಿದ ಸಾರು, ಹುಳಿ, ಪಲ್ಯ ಹಾಕುವ ರೂಢಿಯನ್ನು ಬಿಡಲೇಬೇಕು: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ, ಚಾಕೊಲೇಟು ಹೃದಯಕ್ಕೆ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳನ್ನು ಚುಚ್ಚುತ್ತದೆ. ಜ್ವರವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡುವುದೂ ಅಪಾಯ.

ಕಲಿಸುವ ವಿಧಾನದಲ್ಲಿ ಎರಡು ಮಾರ್ಗಗಳನ್ನು ಸಮನಾಗಿ ತೂಗಲು ನನಗೆ ಸಾಧ್ಯವಿಲ್ಲ. ಮೂತ್ರ ಮಾಡಿದಲ್ಲಿ ಮೂತಿ ಉಜ್ಜುವುದು, ಪತ್ರಿಕೆ ಸುರುಳಿ ಸುತ್ತಿ ಹೊಡೆಯುವುದು, ಚೈನಿನಿಂದ ಕತ್ತು ಜಗ್ಗುವುದು ನಾಯಿಗೆ ಮನುಷ್ಯರಿಂದ ಅಡಗುವುದನ್ನಷ್ಟೇ ಕಲಿಸುತ್ತವೆ. ನಿಗದಿತ ಹೊತ್ತಿಗೆ ಹೊರಗೆ ಕರೆದೊಯ್ದು, ಸರಿಯಾದ ಜಾಗದಲ್ಲಿ ಮಾಡಿದ ಕ್ಷಣವೇ ತಿನಿಸು ಕೊಟ್ಟು ಹೊಗಳಿದರೆ ಹೆಚ್ಚಿನ ದೊಡ್ಡ ನಾಯಿಗಳು ಬೇಗನೆ ಅರ್ಥಮಾಡಿಕೊಳ್ಳುತ್ತವೆ. ಒಂಟಿಯಾಗಿರುವುದನ್ನೂ ಹೀಗೆಯೇ, ಐದು ನಿಮಿಷದಿಂದ ಆರಂಭಿಸಿ ಕಲಿಸಬೇಕು. ರಜೆಯಿಡೀ ಜೊತೆಗಿದ್ದು ಸೋಮವಾರ ಒಮ್ಮೆಲೇ ಒಂಬತ್ತು ಗಂಟೆ ಬಿಟ್ಟುಹೋದರೆ ನಾಯಿ ಬಾಗಿಲು ಕೆರೆದು ಕೂಗುವುದು ಸಹಜ.

ಮಕ್ಕಳಿಗೆ ಮೂರು ಮಾತು ಹೇಳಿಕೊಡಿ: ತಿನ್ನುವಾಗ, ಮಲಗಿದಾಗ, ಅವಿತಾಗ ನಾಯಿಯನ್ನು ಮುಟ್ಟಬಾರದು. ಗುರುಗುಟ್ಟಿದ್ದಕ್ಕೆ ನಾಯಿಯನ್ನು ಗದರಬೇಡಿ. ಅದು ಕಚ್ಚುವ ಮುಂಚಿನ ಎಚ್ಚರಿಕೆ, ಅದನ್ನು ಅದುಮಿದರೆ ಮುಂದೆ ಎಚ್ಚರಿಕೆಯಿಲ್ಲದೆ ಕಚ್ಚೀತು. ಹಲ್ಲು ತಾಗಿ ಗಾಯವಾದರೆ, ನಾಯಿಗೆ ಲಸಿಕೆಯಾಗಿದ್ದರೂ, ಸೋಪು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ವೈದ್ಯರನ್ನು ಕಾಣಬೇಕು.

ಇಷ್ಟೆಲ್ಲ ಮಾಡಿಯೂ ಕೆಲವೊಮ್ಮೆ ಹೊಂದಿಕೆಯಾಗುವುದಿಲ್ಲ. ಮನೆಯ ಹಳೆಯ ನಾಯಿಯೊಡನೆ ಜಗಳ ನಿಲ್ಲದಿರಬಹುದು, ಮಗುವಿಗೆ ಉಬ್ಬಸ ಬರಬಹುದು. ಆಗ ಪರಿಚಿತರ ತೋಟಕ್ಕೋ, ಕಾವಲಿಗೆ ಬೇಕೆಂದವರಿಗೋ ಕೊಟ್ಟುಬಿಡುವುದು ಸುಲಭವಾಗಿ ಕಂಡರೂ ಅಲ್ಲಿ ಅದು ಸರಪಳಿಯಲ್ಲೇ ಉಳಿಯುವ ಸಂಭವ ಹೆಚ್ಚು. ರಸ್ತೆಯಲ್ಲಿ ಬಿಟ್ಟುಬಿಡುವುದಂತೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ದತ್ತು ಕೊಟ್ಟವರಿಗೆ ಮೊದಲ ತೊಂದರೆ ಕಂಡ ವಾರವೇ ತಿಳಿಸಿದರೆ ತರಬೇತುದಾರರನ್ನು ಸೂಚಿಸುತ್ತಾರೆ, ಆಗಲೇ ಇಲ್ಲವೆಂದರೆ ಹಿಂದಕ್ಕೆ ಪಡೆದು ಬೇರೆ ಮನೆ ಹುಡುಕುತ್ತಾರೆ. ಹಿಂದಕ್ಕೆ ಕೊಡುವಾಗ ನಾಯಿಯ ಊಟ, ನಿದ್ದೆ, ಭಯ, ಇಷ್ಟಾನಿಷ್ಟಗಳನ್ನೆಲ್ಲ ಬರೆದು ಕೊಡಿ; ಮುಂದಿನ ಕುಟುಂಬಕ್ಕೆ ಆ ನಾಯಿಯ ಬಗ್ಗೆ ಗೊತ್ತಿರುವುದು ಅಷ್ಟು ಹೆಚ್ಚಾಗುತ್ತದೆ.